ಸಭಾಂಗಣ, ವೆನ್ಯೂ, ಬುಕಿಂಗ್: ಇಂಗ್ಲಿಷ್‌ನಲ್ಲಿ ಯಾವ ಪದದ ಪಕ್ಕ ಯಾವ ಪದ ಕೂರುತ್ತದೆ?

"ಪದಗಳೆಲ್ಲ ಗೊತ್ತು. ಆದರೆ ಸಭಾಂಗಣ ಕೇಳಿ ಒಂದು ಇಂಗ್ಲಿಷ್ ಮೇಲ್ ಬರೆಯಲು ಕೂತರೆ ವಾಕ್ಯ ಕೂರುವುದೇ ಇಲ್ಲ." ಓದುಗರಿಂದ ಈ ಮಾತು ಎಷ್ಟು ಸಲ ಬಂದಿದೆಯೆಂದರೆ, ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುವುದು ವಾಸಿ ಅನ್ನಿಸಿತು.

ತೊಂದರೆ ನಿಮ್ಮ ಪದಸಂಪತ್ತಿನದಲ್ಲ, ಜೋಡಿಯದು. ಕನ್ನಡವನ್ನೇ ನೋಡಿ: ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬಳೆ ತೊಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನವರಿಗೆ ಈ ನಾಲ್ಕಕ್ಕೂ 'ವೇರ್' ಒಂದೇ ಸಾಕು. ಅವರು ಕನ್ನಡ ಕಲಿಯುವಾಗ "ಹೂ ಉಟ್ಟಳು" ಎಂದರೆ ನಮಗೆ ಅರ್ಥವಾಗುತ್ತದೆ, ಕಿವಿ ಮಾತ್ರ ಒಪ್ಪುವುದಿಲ್ಲ. ಕಾರ್ಯಕ್ರಮ, ಸಭಾಂಗಣಗಳ ವಿಷಯಕ್ಕೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ನಮಗೆ 'ಮಾಡು' ಒಂದಿದ್ದರೆ ಸಭೆ, ನಾಟಕ, ಪಾರ್ಟಿ, ಬುಕಿಂಗ್ ಎಲ್ಲವೂ ಆಗಿಹೋಗುತ್ತದೆ, ಅವರಲ್ಲಿ ಪ್ರತಿಯೊಂದಕ್ಕೂ ಬೇರೆ ಕ್ರಿಯಾಪದ. ಹೀಗೆ ರೂಢಿಯಿಂದ ಒಟ್ಟಿಗೆ ಬರುವ ಪದಗಳಿಗೆ 'ಕಾಲೊಕೇಶನ್' ಎನ್ನುತ್ತಾರೆ. 1950ರ ದಶಕದಲ್ಲಿ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಭಾಷಾಶಾಸ್ತ್ರದಲ್ಲಿ ಈ ಹೆಸರನ್ನು ಚಾಲ್ತಿಗೆ ತಂದರು. ನಾನು ಇಲ್ಲಿ ಪದಜೋಡಿ ಎನ್ನುತ್ತೇನೆ.

ಬೇಕಾಗುವ ಸಾಮಗ್ರಿ: ಒಂದು ನೋಟ್‌ಬುಕ್, ಒಂದು ಪೆನ್ನು. ಒಂದೊಂದೇ ಪದ ಬರೆದುಕೊಳ್ಳಬೇಡಿ. ಜೋಡಿಯನ್ನೇ ಬರೆಯಿರಿ, ಅದರ ಹಿಂದೆ ಮುಂದೆ ಬರುವ 'ಆ್ಯಟ್', 'ಫಾರ್', 'ಆಫ್' ಸಮೇತ.

ಹಂತ 1: ಜಾಗಕ್ಕೆ ಸರಿಯಾದ ಹೆಸರು ಹಿಡಿಯಿರಿ

'ವೆನ್ಯೂ' ಎಂದರೆ ಬರೀ ಜಾಗವಲ್ಲ, ಕಾರ್ಯಕ್ರಮ ನಡೆಯುವ ಜಾಗ. ಪದದ ಬೇರು ಲ್ಯಾಟಿನ್ನಿನ 'ಬರು' ಎಂಬ ಕ್ರಿಯಾಪದದಲ್ಲಿದೆ, ಜನ ಬಂದು ಸೇರುವ ತಾಣ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. 'ಪ್ಲೇಸ್' ಎಲ್ಲಕ್ಕೂ ಸಲ್ಲುವ ಸಾಮಾನ್ಯ ಪದ. 'ಲೊಕೇಶನ್' ಎಂದರೆ ಆ ಜಾಗ ಎಲ್ಲಿದೆ ಎಂಬುದು. ಹಾಗಾಗಿ 'ದ ವೆನ್ಯೂ ಈಸ್ ಗುಡ್, ಬಟ್ ದ ಲೊಕೇಶನ್ ಈಸ್ ನಾಟ್' ಎಂದು ಹೇಳಬಹುದು: ಸಭಾಂಗಣ ಚೆನ್ನಾಗಿದೆ, ಆದರೆ ಇರುವ ಕಡೆ ಸರಿಯಿಲ್ಲ.

ಯಾವುದಕ್ಕೆ ಎಂದು ಹೇಳುವಾಗ ಎರಡು ನಾಮಪದಗಳನ್ನು ಪಕ್ಕಪಕ್ಕ ಇಡಿ: 'ವೆಡಿಂಗ್ ವೆನ್ಯೂ', 'ಕಾನ್ಫರೆನ್ಸ್ ವೆನ್ಯೂ', 'ಕಾನ್ಸರ್ಟ್ ವೆನ್ಯೂ', 'ಲೈವ್ ಮ್ಯೂಸಿಕ್ ವೆನ್ಯೂ'. ಬಿಡಿಸಿ ಹೇಳಬೇಕಾದರೆ 'ವೆನ್ಯೂ ಫಾರ್ ದ ಕಾನ್ಫರೆನ್ಸ್'. ಇಲ್ಲಿ ಬಹಳ ಜನ 'ವೆನ್ಯೂ ಆಫ್' ಎಂದು ಬರೆಯುತ್ತಾರೆ. ನಮ್ಮ ಷಷ್ಠಿ ವಿಭಕ್ತಿ, ಅಂದರೆ "ಸಮ್ಮೇಳನದ ಜಾಗ" ಎಂಬಲ್ಲಿನ 'ದ', ಅಲ್ಲಿಗೆ ಎಳೆದೊಯ್ಯುತ್ತದೆ. ಅದನ್ನು ಪೂರಾ ತಪ್ಪು ಎನ್ನಲಾಗದು, ಆದರೆ ಇನ್ನೂ ಹುಡುಕುತ್ತಿರುವ ಜಾಗದ ಮಾತಾದರೆ 'ಫಾರ್' ಒಂದೇ ಸರಿ.

ಇನ್ನೊಂದು ಎಚ್ಚರಿಕೆ 'ಪ್ರೋಗ್ರಾಮ್' ಬಗ್ಗೆ. ಕನ್ನಡದ ಮಾತಿನಲ್ಲಿ ಎಲ್ಲ ಸಮಾರಂಭವೂ ಪ್ರೋಗ್ರಾಮೇ. ಹೊರಗಿನವರಿಗೆ ಬರೆಯುವಾಗ ಮಾತ್ರ ಇಡೀ ಸಮಾರಂಭಕ್ಕೆ 'ಇವೆಂಟ್' ಎನ್ನಿ. 'ಪ್ರೋಗ್ರಾಮ್' ಎಂದರೆ ಅವರು ಹೆಚ್ಚಾಗಿ ಅಂದಿನ ಕಾರ್ಯಕ್ರಮ ಪಟ್ಟಿ ಅಥವಾ ಅದನ್ನು ಅಚ್ಚು ಹಾಕಿಸಿದ ಪುಸ್ತಿಕೆ ಎಂದುಕೊಳ್ಳುತ್ತಾರೆ.

ಹಂತ 2: 'ಮಾಡು' ಎಂಬುದನ್ನು ಒಡೆಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ.

'ಹೋಲ್ಡ್': ಸಭೆ, ಸಮ್ಮೇಳನ, ಸಮಾರಂಭ, ಚುನಾವಣೆಯಂಥವನ್ನು ನಡೆಸುವುದು. 'ಹೋಲ್ಡ್ ಎ ಮೀಟಿಂಗ್', 'ಹೋಲ್ಡ್ ಎ ಕಾನ್ಫರೆನ್ಸ್', 'ಹೋಲ್ಡ್ ಎ ಸೆರಮನಿ'. ಯಾವುದು ಕೂರುತ್ತದೆ ಎಂಬ ಅನುಮಾನ ಬಂದರೆ ಇದನ್ನೇ ಬಳಸಿ, ಬಹುಪಾಲು ಕಡೆ ನಿಲ್ಲುತ್ತದೆ.

'ಹೋಸ್ಟ್': ಆತಿಥ್ಯ ವಹಿಸುವುದು. ಇದರ ವಿಶೇಷವೆಂದರೆ ಜಾಗವೇ ಕರ್ತೃವಾಗಬಲ್ಲದು. 'ವೆಂಬ್ಲಿ ಹೋಸ್ಟೆಡ್ ದ 1966 ವರ್ಲ್ಡ್ ಕಪ್ ಫೈನಲ್.' ಕ್ರೀಡಾಂಗಣವೇ ಆತಿಥೇಯ. 'ಹೋಲ್ಡ್' ಹಾಗೆ ಬರುವುದಿಲ್ಲ. ಜಾಗವನ್ನು ಕರ್ತೃವಾಗಿಟ್ಟು 'ಹೋಲ್ಡ್' ಎಂದರೆ "ಇಷ್ಟು ಜನ ಹಿಡಿಯುತ್ತಾರೆ" ಎಂಬ ಅರ್ಥವಾಗಿಬಿಡುತ್ತದೆ.

'ಆರ್ಗನೈಸ್': ಹಿಂದಿನ ಓಡಾಟ, ತಯಾರಿಯೆಲ್ಲ ಇದರೊಳಗೆ. ಆರು ತಿಂಗಳು ತಯಾರಿ ನಡೆಸಿದವರು 'ಆರ್ಗನೈಸ್' ಮಾಡಿದವರು, ತಮ್ಮ ಕಟ್ಟಡಕ್ಕೆ ಬರಮಾಡಿಕೊಂಡವರು 'ಹೋಸ್ಟ್' ಮಾಡಿದವರು. ಎರಡೂ ಒಬ್ಬರೇ ಆಗಬೇಕೆಂದಿಲ್ಲ.

'ಸ್ಟೇಜ್' ಮತ್ತು 'ಪುಟ್ ಆನ್': ಜನರೆದುರು ತೋರಿಸುವಂಥವಕ್ಕೆ. 'ಸ್ಟೇಜ್ ಎ ಪ್ಲೇ', 'ಪುಟ್ ಆನ್ ಎ ಶೋ'. ಮೀಟಿಂಗನ್ನು 'ಪುಟ್ ಆನ್' ಮಾಡುವುದಿಲ್ಲ.

'ಥ್ರೋ' ಪಾರ್ಟಿಗೆ ಮೀಸಲು: 'ಥ್ರೋ ಎ ಪಾರ್ಟಿ'. ಉಪನ್ಯಾಸಕ್ಕೆ 'ಗಿವ್': 'ಗಿವ್ ಎ ಲೆಕ್ಚರ್', 'ಗಿವ್ ಎ ಟಾಕ್'.

'ಕಂಡಕ್ಟ್' ಎಂಬ ಪದ ನಮ್ಮವರ ಬರವಣಿಗೆಯಲ್ಲಿ ಎಲ್ಲೆಂದರಲ್ಲಿ ಬರುತ್ತದೆ. ಅದರ ಸಹಜ ಜೋಡಿಗಳು 'ಸರ್ವೆ', 'ಇಂಟರ್‌ವ್ಯೂ', 'ಎಕ್ಸ್‌ಪೆರಿಮೆಂಟ್', ಮತ್ತೆ ವಾದ್ಯವೃಂದದ 'ಆರ್ಕೆಸ್ಟ್ರಾ'. 'ಕಂಡಕ್ಟ್ ಎ ಪ್ರೋಗ್ರಾಮ್' ಎಂದು ಬರೆಯಲು ಕೈ ಹೋದಾಗ 'ಹೋಲ್ಡ್ ಆ್ಯನ್ ಇವೆಂಟ್' ಎಂದು ತಿದ್ದಿಕೊಳ್ಳಿ.

ಇನ್ನು 'ಆಗು', 'ನಡೆ' ಎಂಬಲ್ಲಿ 'ಟೇಕ್ ಪ್ಲೇಸ್' ಬರುತ್ತದೆ: 'ದ ಇವೆಂಟ್ ವಿಲ್ ಟೇಕ್ ಪ್ಲೇಸ್ ಆನ್ ಸಂಡೇ'. ನಾನು ಅತಿ ಹೆಚ್ಚು ಸಲ ತಿದ್ದಿರುವ ತಪ್ಪು ಇಲ್ಲಿದೆ: 'ವಿಲ್ ಬಿ ಟೇಕನ್ ಪ್ಲೇಸ್'. ಇಂಥ ರೂಪವೇ ಇಲ್ಲ. 'ಟೇಕ್ ಪ್ಲೇಸ್' ತಾನಾಗಿ ನಡೆಯುವುದು, ಅದಕ್ಕೆ ಕರ್ಮಣಿ ಪ್ರಯೋಗವಿಲ್ಲ. 'ಬಿ' ಬೇಕೆಂದಿದ್ದರೆ 'ವಿಲ್ ಬಿ ಹೆಲ್ಡ್' ಎನ್ನಿ. ಎರಡನ್ನೂ ಬೆರೆಸಬೇಡಿ.

ಹಂತ 3: 'ಅಲ್ಲಿ' ಎಂಬುದಕ್ಕೆ ಆ್ಯಟ್, ಇನ್, ಆನ್

ಜಾಗವನ್ನು ಕಾರ್ಯಕ್ರಮದ ತಾಣವಾಗಿ ನೋಡಿದರೆ 'ಆ್ಯಟ್'. 1985ರ ಜುಲೈ 13ರಂದು ಲೈವ್ ಏಡ್ ಸಂಗೀತ ಕಾರ್ಯಕ್ರಮ ಲಂಡನ್ನಿನ ವೆಂಬ್ಲಿಯಲ್ಲೂ ಫಿಲಡೆಲ್ಫಿಯಾದ ಜಾನ್ ಎಫ್. ಕೆನಡಿ ಸ್ಟೇಡಿಯಂನಲ್ಲೂ ಒಂದೇ ದಿನ ನಡೆಯಿತು. ಇಂಗ್ಲಿಷಿನಲ್ಲಿ 'ಲೈವ್ ಏಡ್ ವಾಸ್ ಹೆಲ್ಡ್ ಆ್ಯಟ್ ಟೂ ವೆನ್ಯೂಸ್, ಒನ್ ಇನ್ ಲಂಡನ್ ಆ್ಯಂಡ್ ಒನ್ ಇನ್ ಫಿಲಡೆಲ್ಫಿಯಾ'. ವೆನ್ಯೂಗೆ 'ಆ್ಯಟ್', ಊರಿಗೆ 'ಇನ್'.

ಕೋಣೆಯ ಒಳಗೆ ಎಂದು ಒತ್ತಿ ಹೇಳಬೇಕಾದರೆ 'ಇನ್ ದ ಹಾಲ್'. ವೇದಿಕೆಗೆ 'ಆನ್ ಸ್ಟೇಜ್', ಮಧ್ಯೆ 'ದ' ಬೇಡ. ಸಾಲಿಗೆ 'ಇನ್ ದ ಫ್ರಂಟ್ ರೋ', ಹಿಂಭಾಗಕ್ಕೆ 'ಆ್ಯಟ್ ದ ಬ್ಯಾಕ್ ಆಫ್ ದ ಹಾಲ್'. ಆವರಣದೊಳಗೆ ಎಂದರೆ 'ಆನ್ ದ ಪ್ರೆಮಿಸಸ್'. ಒಂದೇ ಕಟ್ಟಡವಾದರೂ 'ಪ್ರೆಮಿಸಸ್' ಬಹುವಚನದಲ್ಲೇ ಇರುತ್ತದೆ.

ಮಹಡಿಗೆ 'ಆನ್': 'ಆನ್ ದ ಗ್ರೌಂಡ್ ಫ್ಲೋರ್'. ಬ್ರಿಟಿಷರ 'ಗ್ರೌಂಡ್ ಫ್ಲೋರ್' ಅಮೆರಿಕನ್ನರಿಗೆ ಸಾಮಾನ್ಯವಾಗಿ 'ಫಸ್ಟ್ ಫ್ಲೋರ್'. ಅತಿಥಿಗಳು ಮೆಟ್ಟಿಲು ಹತ್ತಬೇಕೋ ಬೇಡವೋ ಎಂಬುದು ಇದರ ಮೇಲೆ ನಿಂತಿರುವುದರಿಂದ, ಎದುರಿನವರು ಯಾವ ಇಂಗ್ಲಿಷ್ ಬಳಸುತ್ತಾರೆ ಎಂದು ತಿಳಿದುಕೊಳ್ಳಿ.

ಹಂತ 4: ಎಷ್ಟು ಜನ ಹಿಡಿಯುತ್ತಾರೆ?

ನಾವು "ಇಲ್ಲಿ ಐನೂರು ಜನ ಹಿಡಿಯುತ್ತಾರೆ" ಎನ್ನುತ್ತೇವೆ, ಜನರೇ ಕರ್ತೃ. ಇಂಗ್ಲಿಷಿನಲ್ಲಿ ಕರ್ತೃ ಸಭಾಂಗಣ: 'ದ ಹಾಲ್ ಹೋಲ್ಡ್ಸ್ 500 ಪೀಪಲ್'. ಕೂರಿಸುವುದಾದರೆ 'ದ ಹಾಲ್ ಸೀಟ್ಸ್ 500'. ಹೌದು, 'ಸೀಟ್' ಇಲ್ಲಿ ಕ್ರಿಯಾಪದ. ಔಪಚಾರಿಕ ಪತ್ರದಲ್ಲಿ 'ಕ್ಯಾನ್ ಅಕಾಮಡೇಟ್ ಅಪ್ ಟು 500 ಗೆಸ್ಟ್ಸ್'. ನಾಮಪದವಾಗಿ ಬೇಕಾದರೆ 'ಹ್ಯಾಸ್ ಎ ಕೆಪಾಸಿಟಿ ಆಫ್ 500'.

ಸಂಖ್ಯೆಯನ್ನು ವಿಶೇಷಣ ಮಾಡಿದಾಗ ಬಹುವಚನ ಬಿದ್ದುಹೋಗುತ್ತದೆ. ಈಗಿನ ವೆಂಬ್ಲಿ ಸ್ಟೇಡಿಯಂನಲ್ಲಿ 90,000 ಆಸನಗಳಿವೆ. ಅದು 'ಎ 90,000-ಸೀಟ್ ಸ್ಟೇಡಿಯಂ', ನಡುವೆ ಅಡ್ಡಗೆರೆ, 'ಸೀಟ್ಸ್' ಅಲ್ಲ.

'ಕೆಪಾಸಿಟಿ' ಎಂಬ ಪದವನ್ನು ಮಾತ್ರ ಒಂಟಿಯಾಗಿ ಬಿಡಬೇಡಿ. 'ಸೀಟಿಂಗ್ ಕೆಪಾಸಿಟಿ' ಬೇರೆ, ನಿಂತವರನ್ನೂ ಎಣಿಸುವ 'ಸ್ಟ್ಯಾಂಡಿಂಗ್ ಕೆಪಾಸಿಟಿ' ಬೇರೆ. ನಾನೊಮ್ಮೆ ಬರೀ 'ಕೆಪಾಸಿಟಿ' ಎಂದು ಕೇಳಿ, ಬಂದ ಸಂಖ್ಯೆ ನಂಬಿ, ಅಂದು ಕುರ್ಚಿ ಸಾಲದೆ ಹಿರಿಯರು ನಿಲ್ಲಬೇಕಾಯಿತು. ಆ ನೋವು ಇನ್ನೂ ಇದೆ. 'ವಾಟ್ ಈಸ್ ದ ಸೀಟಿಂಗ್ ಕೆಪಾಸಿಟಿ?' ಎಂದೇ ಕೇಳಿ.

ಸಭಾಂಗಣ ತುಂಬಿತ್ತು ಎನ್ನಲು 'ದ ಹಾಲ್ ವಾಸ್ ಪ್ಯಾಕ್ಡ್' ಅಥವಾ 'ಫಿಲ್ಡ್ ಟು ಕೆಪಾಸಿಟಿ'. ಟಿಕೆಟ್ ಮುಗಿದಿದ್ದರೆ 'ಸೋಲ್ಡ್ ಔಟ್'. ನಮ್ಮ 'ಹೌಸ್‌ಫುಲ್' ಎಂಬುದನ್ನು ಹೊರಗಿನವರು ತಿರುಗಿಸಿ 'ಫುಲ್ ಹೌಸ್' ಎನ್ನುತ್ತಾರೆ: 'ದೇ ಪ್ಲೇಡ್ ಟು ಎ ಫುಲ್ ಹೌಸ್'. ಜನ ಚೆನ್ನಾಗಿ ಬಂದಿದ್ದರು ಎನ್ನಲು 'ದೇರ್ ವಾಸ್ ಎ ಗುಡ್ ಟರ್ನ್‌ಔಟ್', ಬರಲಿಲ್ಲವೆಂದರೆ 'ಎ ಪೂರ್ ಟರ್ನ್‌ಔಟ್'. 'ಬ್ಯಾಡ್ ಕ್ರೌಡ್' ಎಂದರೆ ಬಂದ ಜನರೇ ಸರಿಯಿಲ್ಲ ಎಂದಂತಾಗುತ್ತದೆ, ಎಚ್ಚರ.

ಬಂದ ಜನರಿಗೂ ಜಾಗಕ್ಕೆ ತಕ್ಕ ಹೆಸರಿದೆ. ನಾಟಕ, ಸಂಗೀತಕ್ಕೆ 'ಆಡಿಯನ್ಸ್', ಆಟಕ್ಕೆ 'ಸ್ಪೆಕ್ಟೇಟರ್ಸ್', ಸಮ್ಮೇಳನಕ್ಕೆ 'ಡೆಲಿಗೇಟ್ಸ್', ಮದುವೆ ಪಾರ್ಟಿಗಳಿಗೆ 'ಗೆಸ್ಟ್ಸ್'.

ಹಂತ 5: ಕುರ್ಚಿ ಹೇಗೆ ಹಾಕುತ್ತಾರೆ?

ಇದು ಚಿಕ್ಕ ಹಂತ, ಆದರೆ ಈ ಪದಗಳು ಗೊತ್ತಿಲ್ಲದೆ ಸಭಾಂಗಣದವರು ಕಳಿಸುವ ಕೋಷ್ಟಕ ಅರ್ಥವಾಗುವುದಿಲ್ಲ. 'ಥಿಯೇಟರ್ ಸ್ಟೈಲ್': ವೇದಿಕೆಯತ್ತ ಮುಖ ಮಾಡಿದ ಕುರ್ಚಿ ಸಾಲುಗಳು, ಮೇಜಿಲ್ಲ. 'ಕ್ಲಾಸ್‌ರೂಮ್ ಸ್ಟೈಲ್': ಅದೇ, ಮುಂದೆ ಬರೆಯಲು ಮೇಜು. 'ಬ್ಯಾಂಕ್ವೆಟ್ ಸ್ಟೈಲ್': ದುಂಡು ಮೇಜು, ಸುತ್ತಲೂ ಕುರ್ಚಿ. 'ಕ್ಯಾಬರೇ ಸ್ಟೈಲ್': ದುಂಡು ಮೇಜೇ, ಆದರೆ ಯಾರೂ ವೇದಿಕೆಗೆ ಬೆನ್ನು ಹಾಕದಂತೆ ಆ ಬದಿ ಖಾಲಿ. 'ಬೋರ್ಡ್‌ರೂಮ್ ಸ್ಟೈಲ್': ಎಲ್ಲರಿಗೂ ಸೇರಿ ಒಂದೇ ದೊಡ್ಡ ಮೇಜು.

ಮೇಜು ಬಂದಷ್ಟೂ ಜನ ಕಡಿಮೆ ಹಿಡಿಯುತ್ತಾರೆ. ಅದಕ್ಕೇ 'ಸೀಟ್ಸ್ 200 ಥಿಯೇಟರ್-ಸ್ಟೈಲ್, 120 ಬ್ಯಾಂಕ್ವೆಟ್-ಸ್ಟೈಲ್' ಎಂಬಂತೆ ಒಂದೇ ಕೋಣೆಗೆ ಎರಡು ಮೂರು ಸಂಖ್ಯೆ ಕೊಟ್ಟಿರುತ್ತಾರೆ. ಚಿಕ್ಕ ಗುಂಪುಗಳಾಗಿ ಕೂರಲು ಪಕ್ಕದಲ್ಲಿರುವ ಕೋಣೆಗೆ 'ಬ್ರೇಕ್‌ಔಟ್ ರೂಮ್' ಎಂದು ಹೆಸರು.

ಹಂತ 6: ಏನೇನಿದೆ ಎಂದು ಹೇಳುವುದು

ಇಲ್ಲಿ ಕಾಲು ಜಾರುವುದು 'ಇದೆ' ಎಂಬ ಪದದಲ್ಲಿ. "ಪಾರ್ಕಿಂಗ್ ಇದೆ" ಎಂಬುದು ನಾಲಿಗೆಯ ತುದಿಯಲ್ಲಿ 'ಪಾರ್ಕಿಂಗ್ ಈಸ್ ದೇರ್' ಆಗುತ್ತದೆ. 'ದೇರ್ ಈಸ್ ಪಾರ್ಕಿಂಗ್' ಎಂದು ತಿರುಗಿಸಿ, ಇಲ್ಲವೇ ಸಭಾಂಗಣವನ್ನೇ ಮುಂದಿಟ್ಟು 'ದ ವೆನ್ಯೂ ಹ್ಯಾಸ್ ಆಂಪಲ್ ಪಾರ್ಕಿಂಗ್' ಎನ್ನಿ. 'ಆಂಪಲ್' ಎಂದರೆ ಧಾರಾಳ. ಪಾರ್ಕಿಂಗ್ ಪಕ್ಕ ಬಂದು ಕೂರಲೆಂದೇ ಹುಟ್ಟಿದ ಪದದಂತಿದೆ.

'ಫೆಸಿಲಿಟೀಸ್' ಯಾವಾಗಲೂ ಬಹುವಚನದಲ್ಲಿರಲಿ: 'ಎಕ್ಸಲೆಂಟ್ ಫೆಸಿಲಿಟೀಸ್'. 'ಎಕ್ವಿಪ್‌ಮೆಂಟ್', 'ಫರ್ನಿಚರ್' ಇವಕ್ಕೆ ತದ್ವಿರುದ್ಧ, ಎಷ್ಟಿದ್ದರೂ ಕೊನೆಗೆ 'ಸ್' ಹಚ್ಚಬಾರದು. ಧ್ವನಿ ಚೆನ್ನಾಗಿ ಕೇಳುವ ಸಭಾಂಗಣಕ್ಕೆ 'ದ ಅಕೂಸ್ಟಿಕ್ಸ್ ಆರ್ ಎಕ್ಸಲೆಂಟ್', ಬಹುವಚನ. 'ಇನ್-ಹೌಸ್ ಸೌಂಡ್ ಸಿಸ್ಟಮ್' ಎಂದರೆ ಅಲ್ಲಿಯದೇ ಧ್ವನಿವ್ಯವಸ್ಥೆ, ಹೊರಗಿನಿಂದ ತರಬೇಕಿಲ್ಲ.

ಎಲ್ಲರೂ ಕೇಳಲೇಬೇಕಾದ, ಕೇಳಲು ಮರೆಯುವ ಜೋಡಿಗಳು ಮೂರು. 'ವೀಲ್‌ಚೇರ್ ಆ್ಯಕ್ಸೆಸ್', ಅಂದರೆ ಗಾಲಿಕುರ್ಚಿಯಲ್ಲಿ ಒಳಹೋಗುವ ಅನುಕೂಲ. 'ಸ್ಟೆಪ್-ಫ್ರೀ ಆ್ಯಕ್ಸೆಸ್', ಒಂದೂ ಮೆಟ್ಟಿಲಿಲ್ಲದ ದಾರಿ. 'ಹಿಯರಿಂಗ್ ಲೂಪ್', ಮೈಕಿನ ಧ್ವನಿಯನ್ನು ಕಾಂತಕ್ಷೇತ್ರದ ಮೂಲಕ ನೇರವಾಗಿ ಶ್ರವಣಸಾಧನಕ್ಕೆ ತಲುಪಿಸುವ ತಂತಿಸುರುಳಿ. 'ಈಸ್ ದ ವೆನ್ಯೂ ವೀಲ್‌ಚೇರ್ ಆ್ಯಕ್ಸೆಸಿಬಲ್?' ಎಂಬ ಒಂದು ಸಾಲು ನಿಮ್ಮ ಮೇಲ್‌ನಲ್ಲಿ ಇರಲೇಬೇಕು ಎಂಬುದು ನನ್ನ ಆಗ್ರಹ. ಒಬ್ಬರು ಬಾಗಿಲಿನಿಂದ ಹಿಂದಿರುಗಿದರೂ ಆ ಕಾರ್ಯಕ್ರಮ ಕಳೆಗುಂದುತ್ತದೆ.

ಎಲ್ಲಿದೆ ಎನ್ನುವಾಗ 'ಸೆಂಟ್ರಲಿ ಲೊಕೇಟೆಡ್', 'ಕನ್ವೀನಿಯಂಟ್ಲಿ ಲೊಕೇಟೆಡ್', 'ವಿದಿನ್ ವಾಕಿಂಗ್ ಡಿಸ್ಟನ್ಸ್ ಆಫ್ ದ ಸ್ಟೇಷನ್'. ನಾವು ಬಳಸುವ 'ವಾಕಬಲ್ ಡಿಸ್ಟನ್ಸ್' ನಮ್ಮ ಕಡೆ ನಡೆಯುತ್ತದೆ, ಹೊರಗೆ 'ವಾಕಿಂಗ್ ಡಿಸ್ಟನ್ಸ್' ಎಂದೇ ರೂಢಿ.

ಬಣ್ಣಿಸುವ ಪದಗಳಲ್ಲಿ 'ಇಂಟಿಮೇಟ್ ವೆನ್ಯೂ' ಕಂಡು ಗಾಬರಿಯಾಗಬೇಡಿ. ಚಿಕ್ಕದು, ಕಲಾವಿದರೂ ಕೇಳುಗರೂ ಹತ್ತಿರ ಹತ್ತಿರ ಕೂರುವಂಥದ್ದು ಎಂಬ ಮೆಚ್ಚುಗೆಯ ಮಾತು ಅದು. ಬಾಡಿಗೆಗೆ ಕೊಡುವವರು "ಚಿಕ್ಕ ಹಾಲ್" ಎನ್ನುವ ಬದಲು ಇದನ್ನು ಬರೆಯುತ್ತಾರೆ. 'ಪರ್ಪಸ್-ಬಿಲ್ಟ್' ಎಂದರೆ ಆ ಕೆಲಸಕ್ಕೆಂದೇ ಕಟ್ಟಿದ್ದು, 'ವರ್ಸಟೈಲ್ ಸ್ಪೇಸ್' ಎಂದರೆ ಹೇಗೆ ಬೇಕಾದರೂ ಬಳಸಬಹುದಾದ ಜಾಗ.

ಹಂತ 7: ಬುಕಿಂಗ್ ಮತ್ತು ಹಣ

'ಮೇಕ್ ಎ ಬುಕಿಂಗ್'. ಇಲ್ಲಿ 'ಡೂ' ಇಲ್ಲ. ಮೊದಲು 'ಚೆಕ್ ಅವೈಲಬಿಲಿಟಿ', ಆ ದಿನ ಖಾಲಿಯಿದೆಯೇ ಎಂದು ನೋಡುವುದು. ಆಮೇಲೆ 'ಅರೇಂಜ್ ಎ ಸೈಟ್ ವಿಸಿಟ್', ಹೋಗಿ ಕಣ್ಣಾರೆ ನೋಡುವುದು. ಮನಸ್ಸು ಪೂರಾ ಗಟ್ಟಿಯಾಗದಿದ್ದರೆ 'ಪ್ರೊವಿಶನಲ್ ಬುಕಿಂಗ್', ತಾತ್ಕಾಲಿಕ ಕಾಯ್ದಿರಿಸುವಿಕೆ. ಮಾತಿನಲ್ಲಿ ಇದನ್ನೇ 'ಪೆನ್ಸಿಲ್ ಇನ್ ದ ಡೇಟ್' ಎನ್ನುತ್ತಾರೆ, ಬೇಕಾದರೆ ಅಳಿಸುವಂತೆ ಬರೆದಿಡುವುದು. ಕೊನೆಗೆ 'ಕನ್ಫರ್ಮ್ ದ ಬುಕಿಂಗ್'. ಪೈಪೋಟಿಯ ನಡುವೆ ಕಷ್ಟಪಟ್ಟು ಗಿಟ್ಟಿಸಿದ್ದರೆ 'ವಿ ಸೆಕ್ಯೂರ್ಡ್ ಎ ವೆನ್ಯೂ'.

ಒಂದೇ ದಿನಕ್ಕೆ ಇಬ್ಬರಿಗೆ ಕೊಟ್ಟುಬಿಟ್ಟರೆ 'ದ ಹಾಲ್ ಹ್ಯಾಸ್ ಬೀನ್ ಡಬಲ್-ಬುಕ್ಡ್'. ಜಾಗವೇ ಇಲ್ಲದಿದ್ದರೆ 'ಫುಲ್ಲಿ ಬುಕ್ಡ್'.

ಬಾಡಿಗೆಗೆ ಬ್ರಿಟಿಷರು 'ಹೈರ್ ಎ ಹಾಲ್' ಎನ್ನುತ್ತಾರೆ, ಅಮೆರಿಕನ್ನರು 'ರೆಂಟ್ ಎ ಹಾಲ್'. ಅಮೆರಿಕನ್ನರಿಗೆ 'ಹೈರ್' ಹೆಚ್ಚಾಗಿ ಆಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮಾತು. ಒಂದೇ ಪತ್ರದಲ್ಲಿ ಎರಡನ್ನೂ ಕಲಸಬೇಡಿ.

ಒಪ್ಪಂದಪತ್ರದಲ್ಲಿ ಇವು ಕಂಡರೆ ನಿಂತು ಓದಿ. 'ನಾನ್-ರಿಫಂಡಬಲ್ ಡಿಪಾಸಿಟ್': ವಾಪಸು ಬಾರದ ಮುಂಗಡ. 'ಡ್ಯಾಮೇಜ್ ಡಿಪಾಸಿಟ್': ಏನೂ ಹಾಳಾಗದಿದ್ದರೆ ವಾಪಸು ಬರುವ ಭದ್ರತಾ ಠೇವಣಿ. 'ದ ಬ್ಯಾಲೆನ್ಸ್ ಈಸ್ ಡ್ಯೂ': ಬಾಕಿ ಹಣ ಇಂಥ ದಿನದೊಳಗೆ ಕಟ್ಟಬೇಕು. 'ಮಿನಿಮಮ್ ಸ್ಪೆಂಡ್': ಊಟ ಪಾನೀಯಗಳಿಗೆ ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕೆಂಬ ಷರತ್ತು. 'ಡ್ರೈ ಹೈರ್': ಬರೀ ಜಾಗ ಮಾತ್ರ, ಅಡುಗೆ, ಸಿಬ್ಬಂದಿ, ಸಲಕರಣೆ ನಿಮ್ಮದೇ. ಮದ್ಯ ನಿಷೇಧ ಎಂಬ ಅರ್ಥ ಇದಕ್ಕಿಲ್ಲ, ಹಾಗೆ ತಿಳಿದು ಮೋಸಹೋದವರುಂಟು. 'ಇನ್-ಹೌಸ್ ಕೇಟರಿಂಗ್': ಅಲ್ಲಿಯವರದೇ ಅಡುಗೆ. ಹೊರಗಿನವರನ್ನು ಕರೆಸಬಹುದೇ ಎಂದು ಕೇಳಲು 'ಡು ಯು ಅಲೌ ಔಟ್‌ಸೈಡ್ ಕೇಟರರ್ಸ್?'

ಹಂತ 8: ದಿನ ಬದಲಾದರೆ

ಈ ಹಂತಕ್ಕೆ ಬೇರೆ ಜಾಗ ಕೊಟ್ಟಿದ್ದಕ್ಕೆ ಕಾರಣವಿದೆ. ಕನ್ನಡದ ಕಾಲದ ದಿಕ್ಕೂ ಇಂಗ್ಲಿಷಿನ ಕಾಲದ ದಿಕ್ಕೂ ಇಲ್ಲಿ ಎದುರುಬದುರು. ನಾವು ತಡಮಾಡಿದರೆ "ಮುಂದೂಡಿದರು", "ಮುಂದಕ್ಕೆ ಹಾಕಿದರು" ಎನ್ನುತ್ತೇವೆ. ಅದನ್ನು ನಂಬಿ 'ಬ್ರಿಂಗ್ ಫಾರ್ವರ್ಡ್' ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ: ಅದು ನಿಗದಿತ ದಿನಕ್ಕಿಂತ ಮೊದಲೇ ನಡೆಸುವುದು. ಮುಂದೂಡುವುದಕ್ಕೆ 'ಪೋಸ್ಟ್‌ಪೋನ್' ಅಥವಾ 'ಪುಶ್ ಬ್ಯಾಕ್'. ಪದಶಃ "ಹಿಂದಕ್ಕೆ ತಳ್ಳು", ಅರ್ಥ ಮಾತ್ರ ನಮ್ಮ "ಮುಂದಕ್ಕೆ". ನಾವು ಬಳಸುವ 'ಪ್ರಿಪೋನ್' ಚಂದದ, ಉಪಯುಕ್ತ ಪದವೇ. ಆದರೆ ಭಾರತದ ಆಚೆ ಅನೇಕರಿಗೆ ಅದು ಗೊತ್ತಿಲ್ಲ. ಈ ಗೊಂದಲದಿಂದ ಪಾರಾಗಲು ನಾನು ಕೊಡುವ ಸಲಹೆ: ಯಾವ ಪದ ಬಳಸಿದರೂ ಹಳೆಯ ದಿನಾಂಕ, ಹೊಸ ದಿನಾಂಕ ಎರಡನ್ನೂ ಬರೆಯಿರಿ.

ರದ್ದಾದರೆ 'ಕ್ಯಾನ್ಸಲ್ಡ್', ಮಾತಿನಲ್ಲಿ 'ಕಾಲ್ಡ್ ಆಫ್'. ಜಾಗ ಬದಲಾದರೆ 'ದೇರ್ ಹ್ಯಾಸ್ ಬೀನ್ ಎ ಚೇಂಜ್ ಆಫ್ ವೆನ್ಯೂ', ಇಲ್ಲವೇ 'ದ ಇವೆಂಟ್ ಹ್ಯಾಸ್ ಬೀನ್ ಮೂವ್ಡ್ ಟು' ಎಂದು ಹೊಸ ಹೆಸರು.

ಹಂತ 9: ಅಂದಿನ ದಿನ

'ಡೋರ್ಸ್ ಓಪನ್ ಆ್ಯಟ್ ಸಿಕ್ಸ್' ಎಂದರೆ ಆರಕ್ಕೆ ಒಳಬಿಡುತ್ತಾರೆ, ಕಾರ್ಯಕ್ರಮ ಆರಕ್ಕೆ ಶುರು ಎಂದಲ್ಲ. 'ಸೆಟ್ ಅಪ್' ಅಣಿಗೊಳಿಸುವುದು, 'ಲೋಡ್-ಇನ್' ಸಾಮಾನು ಒಳಸಾಗಿಸುವ ಹೊತ್ತು, 'ಲೋಡ್-ಔಟ್' ಹೊರಸಾಗಿಸುವ ಹೊತ್ತು. 'ಗ್ರೀನ್ ರೂಮ್' ಕಲಾವಿದರ ವಿಶ್ರಾಂತಿ ಕೋಣೆ, ಗೋಡೆಯ ಬಣ್ಣ ಯಾವುದಾದರೂ ಇರಲಿ. 'ಫ್ರಂಟ್ ಆಫ್ ಹೌಸ್' ಎಂದರೆ ಪ್ರೇಕ್ಷಕರು ಓಡಾಡುವ ಭಾಗ ಮತ್ತು ಅಲ್ಲಿ ಅವರನ್ನು ನೋಡಿಕೊಳ್ಳುವ ಸಿಬ್ಬಂದಿ. 'ಕೀಪ್ ದ ಫೈರ್ ಎಕ್ಸಿಟ್ಸ್ ಕ್ಲಿಯರ್' ಎಂಬ ಫಲಕ ಕಂಡರೆ ಆ ಬಾಗಿಲ ಮುಂದೆ ಹೆಚ್ಚುವರಿ ಕುರ್ಚಿ ಪೇರಿಸಬೇಡಿ. 'ವೆಕೇಟ್ ದ ಪ್ರೆಮಿಸಸ್ ಬೈ ಟೆನ್' ಎಂದಿದ್ದರೆ ಹತ್ತಕ್ಕೆ ಕಾರ್ಯಕ್ರಮ ಮುಗಿಸುವುದಲ್ಲ, ಜಾಗ ಖಾಲಿ ಮಾಡಿರಬೇಕು.

ಹಂತ 10: ಈಗ ಒಂದು ಮೇಲ್ ಬರೆಯಿರಿ

ಮೇಲಿನ ಜೋಡಿಗಳನ್ನು ಹೀಗೆ ಪೋಣಿಸಬಹುದು:

'ವಿ ಆರ್ ಲುಕಿಂಗ್ ಫಾರ್ ಎ ವೆನ್ಯೂ ಫಾರ್ ಎ ಒನ್-ಡೇ ಕಾನ್ಫರೆನ್ಸ್. ವಿ ಎಕ್ಸ್‌ಪೆಕ್ಟ್ ಅಬೌಟ್ 150 ಡೆಲಿಗೇಟ್ಸ್. ಕುಡ್ ಯು ಟೆಲ್ ಅಸ್ ದ ಸೀಟಿಂಗ್ ಕೆಪಾಸಿಟಿ ಆಫ್ ದ ಮೇನ್ ಹಾಲ್, ಥಿಯೇಟರ್-ಸ್ಟೈಲ್? ಈಸ್ ದ ವೆನ್ಯೂ ವೀಲ್‌ಚೇರ್ ಆ್ಯಕ್ಸೆಸಿಬಲ್, ಆ್ಯಂಡ್ ಈಸ್ ದೇರ್ ಆನ್-ಸೈಟ್ ಪಾರ್ಕಿಂಗ್? ವಿ ವುಡ್ ಲೈಕ್ ಟು ಮೇಕ್ ಎ ಪ್ರೊವಿಶನಲ್ ಬುಕಿಂಗ್ ಆ್ಯಂಡ್ ಅರೇಂಜ್ ಎ ಸೈಟ್ ವಿಸಿಟ್. ವಿ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.'

ಕೊನೆಯ ಸಾಲಿನಲ್ಲಿ 'ಟು' ಆದ ಮೇಲೆ 'ಹಿಯರಿಂಗ್' ಎಂದೇ ಬರಬೇಕು, 'ಹಿಯರ್' ಅಲ್ಲ. ನಿಮ್ಮದೇ ಜೋಡಿಯೊಂದು ಸರಿಯೋ ತಪ್ಪೋ ಎಂಬ ಅನುಮಾನವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ ನೋಡಿ. ಬೇರೆ ಬೇರೆ ಸಭಾಂಗಣಗಳವರು ತಾವೇ ಹಾಗೆ ಬರೆದುಕೊಂಡಿದ್ದರೆ ಧೈರ್ಯವಾಗಿ ಕಳಿಸಿ.